ಬೀಗರನ್ನು ಎಬ್ಬಿಸಿದ ಕೈ

ನಾಳೆಯಿಂದ ಮತ್ತೆ ಎಲ್ಲ ಬಂದ್ ಅಂತೆ. ಸುದ್ದಿ ನನಗಿಂತ ಮೊದಲು ನಿಮಗೆ ಮುಟ್ಟಿದೆ, ಅದು ನಿಮ್ಮ ಮುಖದಲ್ಲೇ ಕಾಣುತ್ತಿದೆ. ಅರ್ಧ ಮುಖ ಮಾಸ್ಕಿನೊಳಗೆ ಇದ್ದರೂ ಕಾಣುತ್ತಿದೆ, ನೋಡಿ, ನಿಮ್ಮ ಹುಬ್ಬುಗಳೇ ಸಾಕು. ಹೋದ ಸಲ ಮನೆಯೊಳಗೆ ಹೇಗೆ ದಿನ ಕಳೆದಿರಿ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಗಂಡಸರು ಒಂದು ಹೇಳುತ್ತೀರಿ, ಹೆಂಗಸರು ಇನ್ನೊಂದು ಹೇಳುತ್ತೀರಿ, ಇಲ್ಲೇ ಜಗಳ ಶುರುವಾಗುತ್ತದೆ. ಅದಕ್ಕೆ ಇವತ್ತಿನ ಪ್ರವಚನದಲ್ಲಿ ಒಂದು ಕಥೆ ಹೇಳಿ ಕಳಿಸುತ್ತೇನೆ.

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ದೃಷ್ಟಾಂತದ ಶ್ರೀಮಂತನಿಗೆ ಹೆಸರಿಡುವ ಪದ್ಧತಿ ಇಲ್ಲ. ಆದರೆ ಹೆಸರಿಡದೆ ಬಿಟ್ಟರೆ ನೀವೆಲ್ಲ ಮುಂದಿನ ಸಾಲಿನಲ್ಲಿ ಕೂತವರ ಕಡೆಗೇ ನೋಡುತ್ತೀರಿ. ಹಾಗಾಗಿ ನಾನೇ ಒಂದು ಹೆಸರು ಇಟ್ಟಿದ್ದೇನೆ, ಅಂದಾನಪ್ಪ ಅಂತ. ಆ ಹೆಸರಿನವರು ಯಾರಾದರೂ ಇಲ್ಲಿದ್ದರೆ ಗಾಬರಿಯಾಗಬೇಡಿ, ಕೊನೆಗೆ ಅವನು ಒಳ್ಳೆಯವನೇ ಆಗುತ್ತಾನೆ.

ಅಂದಾನಪ್ಪನಿಗೆ ಏನು ಕಡಿಮೆ ಇತ್ತು? ಕಣ್ಣು ಹಾಯಿಸಿದಷ್ಟು ದೂರ ಎರೆಹೊಲ, ಪೇಟೆಯಲ್ಲಿ ಹತ್ತಿ ವ್ಯಾಪಾರ, ಹತ್ತು ಜನ ಕೂರುವ ಉಯ್ಯಾಲೆ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಅವನ ಹೆಸರು ಓಡಾಡುತ್ತಿದ್ದದ್ದು ಇದರಿಂದಲ್ಲ. ಯಾವ ಮದುವೆಯಲ್ಲಿ ಬೀಗರು ಮುನಿಸಿಕೊಂಡರೂ ಮೊದಲು ಕರೆ ಹೋಗುತ್ತಿದ್ದದ್ದು ಇವನಿಗೆ. ಬೀಗರ ಮುನಿಸು ಅಂದರೆ ಏನೆಂದು ನಿಮಗೆ ನಾನು ಬಿಡಿಸಿ ಹೇಳಬೇಕೇ? ಗಂಡಿನ ಅಪ್ಪನಿಗೆ ಚಹಾ ತಣ್ಣಗೆ ಬಂತು, ಮುನಿಸು. ಕೂರಲು ಹಾಸಿದ ಜಮಖಾನೆಯ ಅಂಚು ಹರಿದಿತ್ತು, ಮುನಿಸು. ಮದುವೆ ಅರ್ಧಕ್ಕೆ ನಿಂತಿರುತ್ತದೆ, ಹೆಣ್ಣಿನ ಅಪ್ಪ ಬೆವರುತ್ತಿರುತ್ತಾನೆ, ಬೀಗರು ಮೂಲೆಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಾರೆ. ಆಗ ಅಂದಾನಪ್ಪ ಬರಬೇಕು.

ಅವನು ಬಂದರೆ ಎಲ್ಲ ಕ್ರಮಪ್ರಕಾರ. ಮುನಿಸು ಬಿಡಿಸುವವನು ಹೆಣ್ಣಿನ ಕಡೆಯವನೂ ಆಗಿರಬಾರದು, ಗಂಡಿನ ಕಡೆಯವನೂ ಆಗಿರಬಾರದು, ಮೂರನೆಯ ಮನೆಯ ಹಿರಿಯನಾಗಿರಬೇಕು. ಹಿರಿಯ ಮೊದಲ ಸಲ ಕೇಳಿದಾಗ ಬೀಗರು ಒಲ್ಲೆ ಅನ್ನಬೇಕು. ಎರಡನೆಯ ಸಲವೂ ಒಲ್ಲೆ ಅನ್ನಬೇಕು. ಮೂರನೆಯ ಸಲ ಹಿರಿಯ ಕೈ ಹಿಡಿದು ಎಬ್ಬಿಸಬೇಕು. ಕೈ ಹಿಡಿಸಿಕೊಳ್ಳದೆ ಎದ್ದವನು ಬೀಗನಲ್ಲ, ಬರೀ ಹಸಿದವನು ಎಂಬುದು ಅಂದಾನಪ್ಪನ ತೀರ್ಮಾನ. ಒಂದು ಮದುವೆಯಲ್ಲಿ ಒಬ್ಬರು ಬೀಗರು, ಪಾಪ, ಶಾವಿಗೆ ಪಾಯಸದ ವಾಸನೆ ತಡೆಯಲಾರದೆ ತಾವೇ ಎದ್ದು ಬಂದುಬಿಟ್ಟಿದ್ದರು. ಅಂದಾನಪ್ಪ ಅವರ ಭುಜ ಹಿಡಿದು ಮತ್ತೆ ಗೋಡೆಗೆ ಮುಖ ಮಾಡಿ ಕೂರಿಸಿದ. ಎರಡು ಸಲ ಒಲ್ಲೆ ಅನ್ನಿಸಿದ. ಆಮೇಲೆ ಕೈ ಹಿಡಿದು ಎಬ್ಬಿಸಿಕೊಂಡು ಬಂದ. ಅಷ್ಟು ಹೊತ್ತಿಗೆ ಪಾಯಸ ಗಟ್ಟಿಯಾಗಿ ಚಮಚ ನೆಟ್ಟಗೆ ನಿಂತಿತ್ತು.

ಇಂಥ ಅಂದಾನಪ್ಪನ ಮಗನಿಗೆ ಮದುವೆ ಬಂತು. ಹೆಣ್ಣು ದೂರದ ಜಿಲ್ಲೆಯ ಒಂದು ಸಣ್ಣ ಊರಿನದು. ಹೆಸರು ದಾಕ್ಷಾಯಣಿ. ಅವಳ ಅಪ್ಪ ಕೊಟ್ರಪ್ಪನದು ಹಿಟ್ಟಿನ ಗಿರಣಿ. ಮನುಷ್ಯ ಬಂಗಾರದಂಥವನು, ಮಾತಿಗೆ ಮುಂಚೆ ಕೈಮುಗಿಯುವವನು. ಮದುವೆ ಹೆಣ್ಣಿನ ಊರಿನಲ್ಲೇ ಆಯಿತು, ಚೆನ್ನಾಗಿಯೇ ಆಯಿತು. ಮುನಿಯಲು ಒಂದೇ ಒಂದು ಕಾರಣ ಸಿಗದೆ ಅಂದಾನಪ್ಪನಿಗೆ ಒಳಗೊಳಗೇ ಸ್ವಲ್ಪ ಬೇಜಾರು ಕೂಡ ಆಯಿತು. ಮಾರನೆಯ ದಿನ ಹೊರಡುವುದೆಂದು ಗಂಡಿನ ಕಡೆಯವರು ಒಂದು ಗಾಡಿ ತುಂಬುವಷ್ಟು ಮಂದಿ ಗಂಟುಮೂಟೆ ಕಟ್ಟಿದರು. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಜಿಲ್ಲೆಯ ಗಡಿ ಬಂದ್, ಬಸ್ ಬಂದ್, ಗಾಡಿ ಬಂದ್. ದಿಬ್ಬಣ ಹೆಣ್ಣಿನ ಮನೆಯಲ್ಲೇ ಉಳಿಯಿತು.

ನೀವೇ ಹೇಳಿ, ಬೀಗರು ಒಂದು ಹೊತ್ತು ಹೆಚ್ಚಿಗೆ ಉಳಿದರೆ ಹೆಣ್ಣಿನ ಮನೆಯವರ ಗತಿ ಏನಾಗುತ್ತದೆ? ಇಲ್ಲಿ ಇಡೀ ದಿಬ್ಬಣ ಉಳಿದಿದೆ, ಯಾವಾಗ ಹೋಗುತ್ತದೆ ಎಂದು ಸರಕಾರಕ್ಕೂ ಗೊತ್ತಿಲ್ಲ. ಆದರೂ ಕೊಟ್ರಪ್ಪ ಮುಖ ಸಣ್ಣದು ಮಾಡಲಿಲ್ಲ. ಗಿರಣಿಯಲ್ಲಿ ಜೋಳವಿತ್ತು, ಹಿತ್ತಲಲ್ಲಿ ಸೊಪ್ಪಿತ್ತು, ಅಟ್ಟದ ಮೇಲೆ ಮದುವೆಗೆಂದು ತಂದ ಬೆಲ್ಲ ಉಳಿದಿತ್ತು. ಮೊದಲೆರಡು ದಿನ ಮನೆ ತುಂಬ ನಗೆ. ಹೊಸ ನೆಂಟರು, ಹೊಸ ಮಾತು. ಅಂದಾನಪ್ಪನ ಹೆಂಡತಿ ನೀಲವ್ವ ಬೀಗಿತ್ತಿಯ ಜೊತೆ ಮಾಳಿಗೆ ಹತ್ತಿ ಹಪ್ಪಳ ಒಣಗಿಸಲು ಶುರುಮಾಡಿದಳು.

ಎಲ್ಲರೂ ನಗುವ ಮನೆಯಲ್ಲಿ ನಗದವರು ಒಬ್ಬರಾದರೂ ಇರಬೇಕಲ್ಲ. ಅಲ್ಲಿ ಅಂದಾನಪ್ಪನ ಅಕ್ಕ ಬಸಲಿಂಗವ್ವ ಇದ್ದಳು. ಅವಳು ಎಲೆ ಅಡಿಕೆ ಹಾಕಿಕೊಳ್ಳುತ್ತ, ಯಾರಿಗೂ ಹೇಳುತ್ತಿಲ್ಲ ಎನ್ನುವಂತೆ ಎಲ್ಲರಿಗೂ ಕೇಳುವ ಹಾಗೆ ಒಂದು ಮಾತು ಬಿಟ್ಟಳು.

"ಈ ಹುಡುಗಿ ಕೊರಳಾಗ ತಾಳಿ ಬಿದ್ದದ್ದ ತಡ, ಲೋಕದ ಬಾಗಲಾ ಮುಚ್ಚಿತು. ಕಾಲ್ಗುಣಾ ನೋಡ್ರಿ."

ಆ ಮಾತು ದಾಕ್ಷಾಯಣಿಗೂ ಕೇಳಿಸಿತು, ಅಂದಾನಪ್ಪನಿಗೂ ಕೇಳಿಸಿತು. ಇಂಥ ಮಾತು ಒಂದು ಹೆಣ್ಣಿಗೆ ಅಂಟಿದರೆ ಜನ್ಮ ಪೂರ್ತಿ ಬಿಡುವುದಿಲ್ಲ. ಹಾಲು ಒಡೆದರೂ ಅವಳ ಕಾಲ್ಗುಣ, ಎಮ್ಮೆ ಒದ್ದರೂ ಅವಳ ಕಾಲ್ಗುಣ. ಅದನ್ನು ಹುಟ್ಟಿದ ಜಾಗದಲ್ಲೇ ಕಿತ್ತುಹಾಕಬೇಕು, ಕಿತ್ತುಹಾಕಬೇಕಾದವನು ಮನೆಯ ಹಿರಿಯ. ಅಂದಾನಪ್ಪ ಏನು ಮಾಡಿದ? ಅಕ್ಕನ ಬಾಯಿಗೆ ಹೆದರಿ ಕೆಮ್ಮಿದ. ಆ ದಿನಗಳಲ್ಲಿ ಕೆಮ್ಮಿದರೆ ಏನಾಗುತ್ತಿತ್ತು ನಿಮಗೆ ನೆನಪಿದೆಯಲ್ಲ, ಎಲ್ಲರೂ ಹತ್ತು ಹೆಜ್ಜೆ ಹಿಂದೆ ಸರಿದರು, ಮಾತು ಅಲ್ಲೇ ಉಳಿಯಿತು.

ಯುಗಾದಿ ಬಂತು. ಕೊಟ್ರಪ್ಪ ಹೋಳಿಗೆ ಮಾಡಿಸಿದ. ಪಂಕ್ತಿ ಹಾಕುವಾಗ ಅಂತರ ಇರಲಿ ಎಂದು ಒಬ್ಬೊಬ್ಬರ ನಡುವೆ ಗಜದಷ್ಟು ಜಾಗ ಬಿಟ್ಟ. ಪಂಕ್ತಿ ಪಡಸಾಲೆ ದಾಟಿತು, ನಡುಮನೆ ದಾಟಿತು, ಹಿತ್ತಲ ಬಾಗಿಲಿಗೆ ಬಂದು ನಿಂತಿತು. ವಯಸ್ಸಾದವರು ಜೋಪಾನವಾಗಿರಬೇಕು ಎಂದು ಟಿವಿಯಲ್ಲಿ ಕೇಳಿದ್ದ ಕೊಟ್ರಪ್ಪ, ಬೀಗರಿಗೆ ಯಾರ ಉಸಿರೂ ತಾಗದಿರಲಿ ಎಂಬ ಪ್ರೀತಿಯಿಂದ ಅವರನ್ನು ಎಲ್ಲರಿಗಿಂತ ದೂರ, ಹಿತ್ತಲ ಬಾಗಿಲ ಹತ್ತಿರ, ಒಳ್ಳೆ ಗಾಳಿ ಬರುವ ಕಡೆ ಕೂರಿಸಿದ. ಪ್ರೀತಿ ದೊಡ್ಡದು. ಆದರೆ ಅದು ಪಂಕ್ತಿಯ ಕೊನೆ ತಾನೇ? ಬಡಿಸುವುದು ಪಡಸಾಲೆಯ ತುದಿಯಿಂದ ಶುರುವಾಯಿತು. ಹೋಳಿಗೆ ಬಂತು, ಸಾರು ಬಂತು. ತುಪ್ಪ ಬರುವ ಹೊತ್ತಿಗೆ ಬಟ್ಟಲಲ್ಲಿ ತುಪ್ಪದ ವಾಸನೆ ಮಾತ್ರ ಉಳಿದಿತ್ತು. ಒಳಗಿನಿಂದ ತರುತ್ತೇನೆ ಎಂದು ದಾಕ್ಷಾಯಣಿ ಓಡಿದಳು.

ಅವಳು ಬರುವುದರೊಳಗೆ ಅಂದಾನಪ್ಪ ಎದ್ದಿದ್ದ. ಹೊಟ್ಟೆ ತುಂಬಿತು ಎಂದು ಹೇಳಿದ. ಎಲೆಯ ಮೇಲೆ ಹೋಳಿಗೆ ಹಾಗೇ ಇತ್ತು. ಕೈ ತೊಳೆದವನೇ ಮೂಲೆಯ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಒಳಗಿನಿಂದ ಚಿಲಕ ಹಾಕಿ, ಗೋಡೆಗೆ ಮುಖ ಮಾಡಿ ಕೂತ.

ಏನು ಕೂತ ಅಂತೀರಿ! ಎಷ್ಟು ಮುನಿಸು ಬಿಡಿಸಿದವನು, ಮುನಿಯುವ ಕಲೆ ಅವನಿಗೆ ಗೊತ್ತಿರಲಿಲ್ಲವೇ? ಬೆನ್ನು ನೆಟ್ಟಗೆ, ರುಮಾಲು ಸರಿಯಾಗಿ, ಶಲ್ಯ ಎಡಭುಜಕ್ಕೆ. ನೋಡುವವರು ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಇಂಥ ಮುನಿಸನ್ನು ಅವನೇ ಬಂದು ಬಿಡಿಸಬೇಕಾಗಿತ್ತು, ಬೇರೆಯವರ ಕೈಯಲ್ಲಿ ಆಗುವಂಥದ್ದಲ್ಲ.

ಕೊಟ್ರಪ್ಪ ಬಾಗಿಲ ಹೊರಗೆ ನಿಂತು ಕೈಮುಗಿದು ಬೇಡಿಕೊಂಡ. ಹೆಣ್ಣಿನ ಅಪ್ಪ ಕರೆದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಮಗ ಬಂದ, ಅವನೂ ಲೆಕ್ಕಕ್ಕಿಲ್ಲ. ನೀಲವ್ವ ಬಂದು ಇನ್ನೊಂದು ರೀತಿಯಲ್ಲಿ ಮಾತಾಡಿದಳು, ಅದನ್ನು ನಾನು ಇಲ್ಲಿ ಹೇಳಲಾರೆ, ಅದೂ ಲೆಕ್ಕಕ್ಕಿಲ್ಲ. ಮೂರನೆಯ ಮನೆಯ ಹಿರಿಯ ಬೇಕು. ಆಗ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಲೋಕವೇ ಬಂದ್ ಆಗಿರುವಾಗ ಮೂರನೆಯ ಮನೆಯ ಹಿರಿಯ ಎಲ್ಲಿಂದ ಬರಬೇಕು?

ಓಣಿಯ ಕೊನೆಯ ಮನೆಯಲ್ಲಿ ಯಾರಿಗೋ ಸೋಂಕು ಬಂದು, ಓಣಿಗೆ ಎರಡೂ ಕಡೆ ಬಿದಿರು ಕಟ್ಟಿ, ಒಬ್ಬ ಪೊಲೀಸನನ್ನು ನಿಲ್ಲಿಸಿದ್ದರು. ಕೊಟ್ರಪ್ಪ ಅವನ ಕಾಲಿಗೆ ಬೀಳುವುದೊಂದು ಬಾಕಿ ಇಟ್ಟು, ಪಕ್ಕದ ಮನೆಯ ಮುದುಕರನ್ನು ಕಿಟಕಿಯ ತನಕ ಬರಲು ಒಪ್ಪಿಸಿದ. ಮುದುಕರು ಮೂಗು ಬಾಯಿಗೆ ಎರಡು ಟವೆಲ್ ಸುತ್ತಿಕೊಂಡು ಬಂದರು. ಸೊಗಸಾದ ಮಾತುಗಾರರು. ಕಿಟಕಿಯ ಹೊರಗೆ ನಿಂತು ಮೊದಲ ಸಲ ಕೇಳಿದರು, ಅಂದಾನಪ್ಪ ಗಂಭೀರವಾಗಿ ಒಲ್ಲೆ ಅಂದ. ಎರಡನೆಯ ಸಲ ಕೇಳಿದರು, ಇನ್ನೂ ಗಂಭೀರವಾಗಿ ಒಲ್ಲೆ ಅಂದ. ಮೂರನೆಯ ಸಲ ಕೇಳಿದರು. ಅಂದಾನಪ್ಪ ಮೆಲ್ಲಗೆ ಕಿಟಕಿಯ ಸರಳಿನ ಸಂದಿಯಿಂದ ಕೈ ಹೊರಗೆ ಚಾಚಿದ.

ಮುದುಕರು ತಮ್ಮ ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಮುಟ್ಟುವುದೊಂದು ಕೇಳಬೇಡಿ, ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ ಅಂದರು. ಚಾಚಿದ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಎಷ್ಟು ಹೊತ್ತು ನಿಲ್ಲಿಸಲಾಗುತ್ತದೆ? ಕೊನೆಗೆ ಅಂದಾನಪ್ಪ ಮಳೆ ಬರುತ್ತಿದೆಯೇ ಎಂದು ನೋಡುವವನಂತೆ ಅಂಗೈ ಮೇಲೆ ಮಾಡಿ, ಒಳಗೆ ಎಳೆದುಕೊಂಡ. ಹೊರಗೆ ತಲೆ ಒಡೆಯುವ ಬಿಸಿಲಿತ್ತು.

ಫೋನಿನಲ್ಲಿ ನೋಡೋಣ ಎಂದು ಅವನ ಊರಿನ ಹಿರಿಯರೊಬ್ಬರಿಗೆ ಹಚ್ಚಿಕೊಟ್ಟರು. ಅವರೂ ಮೂರು ಸಲ ಕೇಳಿದರು. ಕೇಳಿ, ಈಗ ನಾನು ಕೈ ಹಿಡಿದೆ ಎಂದು ತಿಳಿದುಕೊಂಡು ಎದ್ದುಬಿಡಿ ಅಂದರು. ಅಂದಾನಪ್ಪನಿಗೆ ಸಿಟ್ಟೇ ಬಂತು.

"ಹಂಗಾರ ಊಟಾನೂ ಮಾಡೀನಿ ಅಂತ ತಿಳ್ಕೊಳ್ಳಲೇನ್ರಿ?" ಎಂದು ಕೇಳಿ ಫೋನ್ ಇಟ್ಟ.

ಸಿಕ್ಕಿಬಿದ್ದ, ನೋಡಿ. ಕೈ ಹಿಡಿಯದೆ ಏಳುವಂತಿಲ್ಲ, ಕೈ ಮುಟ್ಟಲು ಯಾರೂ ತಯಾರಿಲ್ಲ. ಊರಿಗೆ ಸರಕಾರ ಹಾಕಿದ ಲಾಕ್‌ಡೌನ್, ಅದರೊಳಗೆ ಇವನು ಹಾಕಿಕೊಂಡ ಇನ್ನೊಂದು ಲಾಕ್‌ಡೌನ್. ಬಾಗಿಲ ಕೆಳಗಿನ ಸಂದಿಯಿಂದ ತಾಟು ಒಳಗೆ ತಳ್ಳಿ ಹೋಗುತ್ತಿದ್ದರು, ಅದರಲ್ಲೂ ಅರ್ಧವೇ ಉಣ್ಣಬೇಕು. ಮುನಿದವನು ತಾಟು ಖಾಲಿ ಮಾಡಿದರೆ ಏನು ಬೆಲೆ? ಅರ್ಧ ರೊಟ್ಟಿ ತಿಂದು ಉಳಿದರ್ಧವನ್ನು ನೋಡುತ್ತ ಕೂರುತ್ತಿದ್ದ. ಹೊರಗೆ ಚೌಕಾಬಾರ ನಡೆಯುತ್ತಿತ್ತು. ಅವನ ಮಗ ಕವಡೆ ಬಿಡುವಾಗ ಮೋಸ ಮಾಡುತ್ತಿದ್ದಾನೆ ಎಂದು ಒಳಗೆ ಕೂತವನಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು, ಹೇಳುವಂತಿರಲಿಲ್ಲ. ಯಾರು ನಕ್ಕರೂ ತನ್ನನ್ನೇ ನೋಡಿ ನಕ್ಕರು ಅನ್ನಿಸುತ್ತಿತ್ತು. ಬೇಜಾರಿಗೆ ಫೋನ್ ತೆಗೆದರೆ ಅದರಲ್ಲಿ ಒಂದು ಊರಿನ ಸಾವಿನ ಸುದ್ದಿ, ಇನ್ನೊಂದು ಊರಿನ ಸಾವಿನ ಸುದ್ದಿ. ಅದನ್ನು ಓದಿ ತನಗೇ ಗಂಟಲು ನೋಯುತ್ತಿದೆ ಅನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ ಅವನಿಗೆ ಅಳು ಬರುವಷ್ಟು ಒಂಟಿತನವಾಗಿತ್ತು. ತುಪ್ಪದ ಮೇಲಿನ ಸಿಟ್ಟು ಎಂದೋ ಹೋಗಿತ್ತು. ಮುನಿಸು ಮುಗಿದಿತ್ತು, ಮುನಿದವನು ಮಾತ್ರ ಒಳಗೆ ಉಳಿದಿದ್ದ.

ಹಾಗಾದರೆ ಚಿಲಕ ಸರಿಸಿ ಹೊರಗೆ ಬರಬಹುದಿತ್ತಲ್ಲ? ಬರಬಹುದಿತ್ತು. ಚಿಲಕ ಇದ್ದದ್ದು ಒಳಗಡೆ, ಅವನ ಕೈಗೆ ಎಟುಕುವ ಎತ್ತರದಲ್ಲಿ. ದಿನಕ್ಕೆ ಎಷ್ಟೋ ಸಲ ಏಳುತ್ತಿದ್ದ, ಚಿಲಕದ ತನಕ ಹೋಗುತ್ತಿದ್ದ. ಅಷ್ಟರಲ್ಲಿ ಗಟ್ಟಿಯಾದ ಆ ಪಾಯಸ ನೆನಪಾಗುತ್ತಿತ್ತು. ನಾಳೆ ಹತ್ತು ಹಳ್ಳಿಯಲ್ಲಿ ಏನೆನ್ನುತ್ತಾರೆ? ಎಲ್ಲರನ್ನೂ ಕೈ ಹಿಡಿದು ಎಬ್ಬಿಸಿದವನು ತಾನಾಗಿ ಎದ್ದು ಬಂದನಂತೆ ಎನ್ನುವುದಿಲ್ಲವೇ? ಮತ್ತೆ ಹೋಗಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಆ ಗೋಡೆಯಲ್ಲಿ ಎಲ್ಲೆಲ್ಲಿ ಸುಣ್ಣ ಬಿರಿದಿದೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು.

ಬರಬರುತ್ತ ಹೊರಗಿನ ನಗೆ ಕಡಿಮೆಯಾಯಿತು. ಚೌಕಾಬಾರದ ಕವಡೆ ಸದ್ದು ನಿಂತಿತು. ಮನೆಯ ಹಿರಿಯನೊಬ್ಬ ಬಾಗಿಲು ಹಾಕಿಕೊಂಡು ಕೂತರೆ ಉಳಿದವರು ಎಷ್ಟು ದಿನ ನಕ್ಕಾರು? ಒಂದು ಮಧ್ಯಾಹ್ನ ಎಲ್ಲರೂ ಅಡ್ಡಾಗಿದ್ದಾಗ, ಗೋಡೆಯಾಚೆ ಅಡುಗೆಮನೆಯಲ್ಲಿ ದಾಕ್ಷಾಯಣಿ ತನ್ನ ಅವ್ವನ ಹತ್ತಿರ ಮಾತಾಡುವುದು ಅವನಿಗೆ ಕೇಳಿಸಿತು.

"ಅವ್ವಾ, ನನ್ನ ಕಾಲ್ಗುಣಾನ ಕೆಟ್ಟದ್ದೈತೇನು? ತಾಳಿ ಬಿದ್ದಕೂಡ್ಲೆ ಊರ ಬಾಗಲಾ ಮುಚ್ಚಿತು, ತುಪ್ಪಾ ತರಾಕ ಹೋದಕೂಡ್ಲೆ ಮಾವಾರ ಬಾಗಲಾ ಮುಚ್ಚಿತು. ಎಲ್ಲಿ ಕಾಲಿಟ್ರೂ ಬಾಗಲಾ ಮುಚ್ಚತಾವಲ್ಲ."

ಅವಳು ಅಳುತ್ತಿರಲಿಲ್ಲ. ಅಳುತ್ತಿದ್ದರೆ ಅವನು ತಡೆದುಕೊಳ್ಳುತ್ತಿದ್ದನೋ ಏನೋ. ಲೆಕ್ಕ ತಾಳೆ ನೋಡುವವಳ ಹಾಗೆ ಸಮಾಧಾನವಾಗಿ ಕೇಳುತ್ತಿದ್ದಳು. ಹಾಗಲ್ಲವೇ ಹುಚ್ಚಿ ಎಂದು ಅವ್ವ ಹೇಳುತ್ತಾಳೆ ಎಂದು ಅಂದಾನಪ್ಪ ಕಾದ. ಅವ್ವ ಪಾತ್ರೆ ತಿಕ್ಕುವ ಸದ್ದು ಮಾತ್ರ ಕೇಳಿಸಿತು. ಅವಳಿಗೂ ಸುಸ್ತಾಗಿತ್ತು, ಅವಳ ಮನಸ್ಸಿಗೂ ಆ ಸಂಶಯ ಹೊಕ್ಕಿತ್ತು. ಅಕ್ಕ ಎಲೆ ಅಡಿಕೆ ಜೊತೆ ಉಗುಳಿದ ಮಾತು ಈಗ ಆ ಹುಡುಗಿಯ ಸ್ವಂತ ಮಾತಾಗಿತ್ತು. ತಾನು ಇನ್ನೂ ಒಂದೆರಡು ದಿನ ಒಳಗೆ ಕೂತರೆ ಅದು ಅವಳ ಹಣೆಬರಹವೇ ಆಗುತ್ತದೆ ಎಂದು ಅಂದಾನಪ್ಪನಿಗೆ ತಿಳಿಯಿತು.

ಎದ್ದ. ಚಿಲಕದ ತನಕ ಹೋದ. ಮತ್ತೆ ಆ ಹಾಳು ಪಾಯಸ ನೆನಪಾಯಿತು. ಇಷ್ಟಾದ ಮೇಲೂ ನೆನಪಾಯಿತೇ ಎಂದು ಕೇಳಬೇಡಿ, ನಿಮಗೂ ನೆನಪಾಗುತ್ತಿತ್ತು. ಮೂರನೆಯ ಮನೆಯ ಹಿರಿಯ ಬರದೆ, ಕೈ ಹಿಡಿಯದೆ ಹೇಗೆ ಏಳುವುದು? ಹಿರಿಯ ಎಲ್ಲಿ? ಸುತ್ತ ಹತ್ತು ಹಳ್ಳಿಗೆ ಮುನಿಸು ಬಿಡಿಸುವ ದೊಡ್ಡ ಹಿರಿಯ ಯಾರು? ಹಾಗೆ ತನ್ನನ್ನೇ ಕೇಳಿಕೊಂಡ, ಉತ್ತರ ಹೊಳೆದು ಒಬ್ಬನೇ ಕಿಸಕ್ಕನೆ ನಕ್ಕುಬಿಟ್ಟ. ಮತ್ತೇನು, ಆ ಹಿರಿಯ ಇದೇ ಕೋಣೆಯಲ್ಲೇ ಇದ್ದಾನೆ!

ಶಲ್ಯವನ್ನು ಬಲಭುಜಕ್ಕೆ ಹಾಕಿಕೊಂಡ. ಈಗ ಅವನು ಹಿರಿಯ. ಬಾಗಿಲ ಕಡೆಯಿಂದ ನಾಲ್ಕು ಹೆಜ್ಜೆ ಗತ್ತಿನಿಂದ ನಡೆದು ಬಂದು, ಖಾಲಿ ಚಾಪೆಯ ಎದುರು ನಿಂತು ಗಂಟಲು ಸರಿಮಾಡಿಕೊಂಡ.

"ಏಳ್ರಿ ಅಂದಾನಪ್ನೋರ. ದೊಡ್ಡ ಮನಸ್ಸ ಮಾಡ್ರಿ."

ಓಡಿ ಹೋಗಿ ಚಾಪೆಯ ಮೇಲೆ ಕೂತ, ಶಲ್ಯ ಎಡಭುಜಕ್ಕೆ ಬಂತು.

"ಒಲ್ಲೆರೀ. ನನ್ನ ಮರ್ಯಾದಿ ಹೋಗೇತಿ."

ಮತ್ತೆ ಎದ್ದ, ಶಲ್ಯ ಬಲಕ್ಕೆ.

"ಎಲ್ಲಿಗೆ ಹೋಗತೈತ್ರಿ? ರಸ್ತಾ ಎಲ್ಲಾ ಬಂದ್ ಅದಾವು. ಇಲ್ಲೇ ಎಲ್ಲೋ ಇರಬೇಕು, ಹುಡುಕೂಣು ಏಳ್ರಿ."

ಕೂತವನು ಎರಡನೆಯ ಸಲ ಒಲ್ಲೆ ಅಂದ, ತುಪ್ಪ ಬರಲಿಲ್ಲ ಎಂದು ದೂರಿದ. ನಿಂತವನು ಗದರಿದ. ತುಪ್ಪ ಬಿಡಬೇಕು ಎಂದು ಡಾಕ್ಟರು ಹೇಳಿ ಎಷ್ಟು ಕಾಲವಾಯಿತು, ಹಬ್ಬದ ದಿನ ನಿಮ್ಮ ಆಯುಷ್ಯ ಉಳಿಸಿದ್ದಕ್ಕೆ ಬೀಗರಿಗೆ ನೀವೇ ಒಂದು ಶಾಲು ಹೊದಿಸಬೇಕು ಎಂದ. ಇಬ್ಬರ ಜಗಳ ಜೋರಾಯಿತು. ಹೊರಗೆ ಮಲಗಿದ್ದವರೆಲ್ಲ ಎದ್ದು ಬಾಗಿಲಿಗೆ ಕಿವಿ ಹಚ್ಚಿದರು. ಇಷ್ಟು ದಿನ ಯಾರೂ ಬಾರದ ಓಣಿಗೆ ಯಾರು ಬಂದರು, ಎಲ್ಲಿಂದ ಬಂದರು, ಮುಚ್ಚಿದ ಕೋಣೆಗೆ ಹೇಗೆ ಹೋದರು ಎಂದು ಕೊಟ್ರಪ್ಪ ದಂಗಾದ. ಎರಡೂ ದನಿ ಯಾರದೆಂದು ಮೊದಲು ಗುರುತಿಸಿದವಳು ನೀಲವ್ವ. ತಲೆ ಕೆಟ್ಟಿತು ಇವರಿಗೆ ಎಂದು ಅವಳು ಎದೆ ಹಿಡಿದುಕೊಂಡು ಕೂತಳು. ಮಗ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನೋಡಿದ, ನೋಡಿದವನೇ ಬಾಯಿಗೆ ಕೈ ಒತ್ತಿಕೊಂಡು ನೆಲಕ್ಕೆ ಉರುಳಿದ.

ಒಳಗೆ ಹಿರಿಯ ಮೂರನೆಯ ಸಲ ಕೇಳುವ ಹೊತ್ತು ಬಂತು. ಆಗ ಅವನ ದನಿ ತಗ್ಗಿತು.

"ಅಂದಾನಪ್ನೋರ, ಹೊರಗ ಒಂದ್ ಹುಡುಗಿ ತನ್ನ ಕಾಲಾ ತಾನ ನೋಡ್ಕೋತ ಕುಂತೈತಿ. ಏಳ್ತೀರೋ ಇಲ್ಲೋ?"

ಚಾಪೆಯ ಮೇಲೆ ಕೂತ ಅಂದಾನಪ್ಪ ಎಡಗೈ ಮುಂದೆ ಚಾಚಿದ. ತನ್ನ ಎಡಗೈಯನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದು ಎಳೆದ. ಕೂತು ಕೂತು ಮಂಡಿ ಹಿಡಿದಿತ್ತು, ದೊಪ್ಪನೆ ಹಿಂದಕ್ಕೆ ಬಿದ್ದ. ಇನ್ನೊಮ್ಮೆ ಎಳೆದ, ಬಿದ್ದ. ಮತ್ತೊಮ್ಮೆ ಎಳೆದು, ನರಳುತ್ತ, ನಗುತ್ತ ಎದ್ದು ನಿಂತ. ಈಗ ಇನ್ನೊಂದು ಕಷ್ಟ ಬಂತು. ಎರಡೂ ಕೈ ಕೆಲಸದಲ್ಲಿವೆ, ಚಿಲಕ ತೆಗೆಯುವುದು ಯಾರು? ಕೈ ಬಿಟ್ಟರೆ ಕ್ರಮ ಕೆಡುತ್ತದೆ. ಕೊನೆಗೆ ಮೂಗಿನಿಂದ ಚಿಲಕ ಸರಿಸಿದ.

ಬಾಗಿಲು ತೆರೆಯಿತು. ಕಿವಿ ಹಚ್ಚಿದ್ದವರೆಲ್ಲ ಒಳಗೆ ಬೀಳುವುದೊಂದು ಬಾಕಿ. ಹೊಸ್ತಿಲ ಮೇಲೆ ಅಂದಾನಪ್ಪ, ಬಲಗೈಯಲ್ಲಿ ತನ್ನದೇ ಎಡಗೈ, ಮೂಗಿನ ಮೇಲೆ ತುಕ್ಕು. ಹಿರಿಯರು ಬಂದಿದ್ದರು, ಬಹಳ ಒತ್ತಾಯ ಮಾಡಿ ಎಬ್ಬಿಸಿದರು, ಇಲ್ಲ ಅನ್ನಲಾಗಲಿಲ್ಲ ಎಂದು ಗಂಭೀರವಾಗಿ ಹೇಳಿದ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನಗಬಹುದೋ ನಗಬಾರದೋ ಗೊತ್ತಾಗಬೇಕಲ್ಲ.

ಮೊದಲು ನಕ್ಕವಳು ದಾಕ್ಷಾಯಣಿ. ಹೊಸ ಸೊಸೆ ಮಾವನ ಎದುರು ನಗಬಾರದು ಎಂದು ಸೆರಗು ಬಾಯೊಳಗೆ ತುರುಕಿಕೊಂಡಿದ್ದಳು. ಆದರೆ ನಗು ಸೆರಗಿಗೆಲ್ಲ ಹೆದರುತ್ತದೆಯೇ? ಮೂಗಿನಿಂದ ಗೊರ್ ಎಂದು ಹೊರಗೆ ಬಂತು. ಅದನ್ನು ಕೇಳಿ ಅಂದಾನಪ್ಪನೂ ಗೊರ್ ಅಂದ. ಆಮೇಲೆ ಆ ಮನೆಯಲ್ಲಿ ಯಾರು ಯಾರ ಮೇಲೆ ಬಿದ್ದು ನಕ್ಕರೋ ಹೇಳಲಾಗದು. ಅಂತರ ಗಿಂತರ ಎಲ್ಲ ಮರೆತುಹೋಯಿತು, ಅದು ತಪ್ಪು, ನೀವು ಮರೆಯಬೇಡಿ.

ನಗು ಇಳಿದ ಮೇಲೆ ಅಂದಾನಪ್ಪ ಅಕ್ಕನ ಕಡೆ ತಿರುಗಿದ. ಈ ಸಲ ಕೆಮ್ಮಲಿಲ್ಲ.

"ಅಕ್ಕಾ, ಜಡ್ಡು ಎಲ್ಲಿಂದಾರ ಬಂದಿರಲಿ, ಈ ಹುಡುಗಿ ಕಾಲಿಂದ ಬಂದಿಲ್ಲ. ಆ ಬಾಗಲಾ ಹಾಕ್ಕೊಂಡಾಂವ ನಾನು. ಈಕಿ ಕಾಲ್ಗುಣಾ ಕೇಳು ಬೇಕಾದ್ರ. ಯಾರ ಕೈನೂ ಕಾಯಲಾರದ ನಾನು ಎದ್ದು ಬಂದದ್ದು ಇದ ಮೊದಲು."

ಬಸಲಿಂಗವ್ವ ಎಲೆ ಅಡಿಕೆ ಚೀಲದಲ್ಲಿ ಸುಣ್ಣ ಹುಡುಕತೊಡಗಿದಳು. ದಾಕ್ಷಾಯಣಿ ಒಳಗೆ ಹೋಗಿ ಬಿಸಿ ರೊಟ್ಟಿ ತಂದು ಬಡಿಸಿದಳು. ಅಂದಾನಪ್ಪ ಪೂರ್ತಿ ರೊಟ್ಟಿ ತಿಂದ, ಇನ್ನೊಂದು ತಿಂದ. ಮತ್ತೊಂದು ಹಾಕುವಾಗ ಬೇಡ ಎಂದು ಕೈ ಅಡ್ಡ ಹಿಡಿಯಲಿಲ್ಲ.

ಅವತ್ತಿನಿಂದ ಆ ಮನೆಯಲ್ಲಿ ಒಂದು ಹೊಸ ಕ್ರಮ ಬಂತು. ಯಾರು ಮುಖ ಗಂಟು ಹಾಕಿಕೊಂಡರೂ ಸರಿ, ಪಡಸಾಲೆಗೆ ಬಂದು ಎಲ್ಲರ ಎದುರು ತಮ್ಮನ್ನು ತಾವೇ ಎಬ್ಬಿಸಿಕೊಳ್ಳಬೇಕು. ಜೋಳ ಮುಗಿಯುತ್ತಿದೆ ಎಂದು ಚಿಂತೆಗೆ ಬಿದ್ದ ಕೊಟ್ರಪ್ಪ ಹಾಗೆ ಎದ್ದ, ಆಮೇಲೆ ಎಲ್ಲರೂ ಸೇರಿ ರೊಟ್ಟಿ ಬಿಟ್ಟು ಗಂಜಿಗೆ ಬಂದರು. ಕಡೆಗೆ ಬಸಲಿಂಗವ್ವನ ಸರದಿ ಬಂತು. ಅವಳು ತನಗೆ ತಾನೇ ಐದು ಸಲ ಒಲ್ಲೆ ಅಂದಳು, ಎಬ್ಬಿಸುವಷ್ಟರಲ್ಲಿ ಸಂಜೆಯಾಯಿತು. ಅಕ್ಕಪಕ್ಕದವರು ಮಾಳಿಗೆಯ ಮೇಲಿನಿಂದ ನೋಡಿ ಚಪ್ಪಾಳೆ ಹೊಡೆದರು. ಬಿದಿರಿನ ಹತ್ತಿರದ ಪೊಲೀಸ್, ಒಳಗೆ ಏನೋ ಗಲಾಟೆ ಎಂದು ಲಾಠಿ ಹಿಡಿದು ಬಂದವನು, ಕಿಟಕಿಯ ಹೊರಗೆ ನಿಂತು ಕಣ್ಣೊರೆಸಿಕೊಳ್ಳುವಷ್ಟು ನಕ್ಕು ಹೋದ. ಕೊನೆಗೆ ರಸ್ತೆ ತೆರೆದ ದಿನ ಗಾಡಿ ಬಾಗಿಲಿಗೆ ಬಂದು ಹಾರ್ನ್ ಹೊಡೆಯುತ್ತಲೇ ಇತ್ತು, ಒಬ್ಬರಿಗೂ ಹತ್ತುವ ಮನಸ್ಸಿರಲಿಲ್ಲ.

ಕಥೆ ಮುಗಿಯಿತು. ಚೆನ್ನಾಗಿ ನಕ್ಕಿರಿ. ಈಗ ನಿಮ್ಮ ಕಡೆ ಬರುತ್ತೇನೆ, ಓಡಿ ಹೋಗಬೇಡಿ.

ಬಾಗಿಲು ಬಂದ್ ಮಾಡುವುದು ಸರಕಾರ. ಮುಖ ಬಂದ್ ಮಾಡಿಕೊಳ್ಳುವುದು ಯಾರು? ನೋಡಿ, ನಾಳೆಯಿಂದ ನೀವು ನಿಮ್ಮ ನಿಮ್ಮ ಮನೆಯೊಳಗೆ. ಒಬ್ಬರು ಮಂಚದ ಮೇಲೆ, ಒಬ್ಬರು ಮಾಳಿಗೆಯ ಮೇಲೆ, ಒಬ್ಬರು ಫೋನಿನೊಳಗೆ ಮುಖ ಮಾಡಿ ಕೂರುತ್ತೀರಿ. ಅದಕ್ಕೆ ಲಾಕ್‌ಡೌನ್ ಎಂದು ಹೆಸರಿಡುತ್ತೀರಿ. ಅಲ್ಲ, ಅದು ಬೀಗರ ಮುನಿಸು. ದೇವರ ಮೇಲೆ ಮುನಿಸು, ಕಾಲದ ಮೇಲೆ ಮುನಿಸು, ಸಾರಿಗೆ ಉಪ್ಪು ಕಡಿಮೆ ಹಾಕಿದ ಹೆಂಡತಿಯ ಮೇಲೆ ಮುನಿಸು. ಯಾರೋ ಬಂದು ನನ್ನನ್ನು ರಮಿಸಲಿ, ಒಳ್ಳೆಯ ಸುದ್ದಿ ಬರಲಿ, ಆಮೇಲೆ ನಗುತ್ತೇನೆ ಎಂದು ಕಾಯುತ್ತೀರಿ. ಯಾರು ಬರಬೇಕು? ಎಲ್ಲರೂ ಅವರವರ ಗೋಡೆಗೆ ಮುಖ ಮಾಡಿ ಕೂತಿದ್ದಾರೆ. ಎಲ್ಲರಿಗೂ ರಮಿಸಿಕೊಳ್ಳಬೇಕಾಗಿದೆ, ರಮಿಸುವವರು ಯಾರೂ ಇಲ್ಲ.

ಒಂದು ಮಾತು ನೆನಪಿಡಿ. ಈ ಸಭೆಯಲ್ಲಿ ಈ ವರ್ಷ ಮನೆಯವರನ್ನು ಕಳೆದುಕೊಂಡವರಿದ್ದೀರಿ, ನನಗೆ ಗೊತ್ತು. ಈ ಕಥೆ ನಿಮಗಲ್ಲ. ನಿಮ್ಮದು ಮುನಿಸಲ್ಲ, ದುಃಖ. ನೀವು ಅಳಿ, ಎಷ್ಟು ದಿನ ಬೇಕೋ ಅಷ್ಟು ದಿನ ಅಳಿ. ಎದ್ದು ನಿಮ್ಮ ಹತ್ತಿರ ಬರಬೇಕಾದವರು ನಾವು. ಉಳಿದವರು ಬೇಗ ಏಳಬೇಕಾಗಿರುವುದು ಅದಕ್ಕೇ.

ಉಳಿದವರು ಕೇಳಿ. ನೀವು ಬಾಗಿಲು ಹಾಕಿಕೊಂಡು ಕೂತಾಗ ಅದು ನಿಮ್ಮೊಬ್ಬರ ವಿಷಯ ಅಂದುಕೊಂಡಿದ್ದೀರಿ. ಗೋಡೆಯಾಚೆ ಯಾರೋ ಒಬ್ಬರು, ಬಹಳ ಮಾಡಿ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು, ಇದು ನನ್ನಿಂದಲೇ ಆಯಿತು ಎಂದು ಲೆಕ್ಕ ಹಾಕುತ್ತಿರುತ್ತಾರೆ. ಅಪ್ಪ ಮಾತಾಡುತ್ತಿಲ್ಲ, ನಾನೇನು ತಪ್ಪು ಮಾಡಿದೆ ಎಂದು ಮಗು ಕೇಳಿಕೊಳ್ಳುತ್ತದೆ. ಅಂಗಡಿ ಮುಚ್ಚಿದ್ದಕ್ಕೆ ನಿಮಗೆ ಸಿಟ್ಟು, ಅದರ ಭಾರ ಮಗುವಿನ ಹೆಗಲಿಗೆ. ಇದು ನ್ಯಾಯವೇ? ನೀವೇ ಹೇಳಿ.

ಹಾಗಾದರೆ ನಾಳೆ ಬೆಳಿಗ್ಗೆ ಏನು ಮಾಡಬೇಕು? ಎದ್ದ ಕೂಡಲೇ ಫೋನಿನಲ್ಲಿ ಎಷ್ಟು ಜನ ಸತ್ತರು ಎಂದು ನೋಡಬೇಡಿ. ಮೊದಲು ಮನೆಯಲ್ಲಿ ಬದುಕಿರುವವರ ಮುಖ ನೋಡಿ, ಚಹಾ ಕುಡಿದಿರಾ ಎಂದು ನೀವೇ ಮೊದಲು ಕೇಳಿ. ಮುಖ ಗಂಟಾಗಿದೆ ಎಂದು ಗೊತ್ತಾದಾಗ ನಾಚಿಕೆ ಬಿಟ್ಟು ನಿಮಗೆ ನೀವೇ ಗಟ್ಟಿಯಾಗಿ ಹೇಳಿಕೊಳ್ಳಿ, ಏಳ್ರಿ, ದೊಡ್ಡ ಮನಸ್ಸು ಮಾಡಿ ಎಂದು. ಹುಚ್ಚು ಅನ್ನುತ್ತಾರೆ, ಅನ್ನಲಿ, ಅನ್ನುವವರು ನಗುತ್ತಾರೆ, ಅಷ್ಟು ಲಾಭ. ತಮ್ಮನ ಜೊತೆ ಮಾತು ಬಿಟ್ಟವರು ಅವನೇ ಮೊದಲು ಫೋನ್ ಮಾಡಲಿ ಎಂದು ಕಾಯಬೇಡಿ, ಅವನೂ ನಿಮ್ಮನ್ನೇ ಕಾಯುತ್ತಿದ್ದಾನೆ. ಇನ್ನೊಂದು, ಇದೇ ಮುಖ್ಯ. ಇವಳು ಬಂದಿದ್ದಕ್ಕೆ ಹೀಗಾಯಿತು, ಇದು ಹುಟ್ಟಿದ್ದಕ್ಕೆ ಹಾಗಾಯಿತು ಎಂಬ ಮಾತು ನಿಮ್ಮ ಮನೆಯಲ್ಲಿ ಯಾರ ಬಾಯಿಂದ ಬಂದರೂ, ಕೆಮ್ಮಬೇಡಿ. ಅಲ್ಲೇ, ಆಗಲೇ, ಎಲ್ಲರ ಎದುರು, ಅದು ಸುಳ್ಳು ಎಂದು ಹೇಳಿ.

ಸಾಕು, 'ಶರಣು' ಹೇಳುವ ಹೊತ್ತಾಯಿತು. ನಮ್ಮ ಮಠದ ಪದ್ಧತಿ ನಿಮಗೆ ಗೊತ್ತಿದೆ, ಪ್ರವಚನ ಮುಗಿದ ಮೇಲೆ ನಾನು ಕೆಳಗೆ ಬಂದು ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ಎಬ್ಬಿಸುತ್ತಿದ್ದೆ. ಇವತ್ತು ಮುಟ್ಟುವಂತಿಲ್ಲ. ನನ್ನ ದಾರಿ ನೋಡುತ್ತ ಕೂರಬೇಡಿ, ಎದ್ದು ಮನೆಗೆ ನಡೆಯಿರಿ.